ಉದ್ರಿ, ಡೆಡ್ ಸ್ಟಾಕ್ ಮತ್ತು ನನ್ನ ಪಗಾರ

"ಪಾರ್ಟ್ಸ್ ಮ್ಯಾನೇಜರ್‌ಗೆ ಎಷ್ಟ್ ಪಗಾರ ಇರ್ತದ್ರಿ ಸರ?" ಕೌಂಟರಿಗೆ ಹೊಸದಾಗಿ ಬಂದ ಹುಡುಗ ಮೊನ್ನೆ ಕೇಳಿದ. ಐಟಿಐ ಮುಗಿಸಿ ಹದಿನಾಲ್ಕು ಸಾವಿರಕ್ಕೆ ಸೇರಿದ್ದಾನೆ. ಒಂದು ಅಂಕಿ ಹೇಳಿ ಮುಗಿಸಬಹುದಿತ್ತು, ಬಾಯಿ ಬರಲಿಲ್ಲ.

2010ರಲ್ಲಿ ಹುಬ್ಬಳ್ಳಿಯ ಲಾರಿ ಡೀಲರ್‌ಶಿಪ್ ಒಂದರ ಪಾರ್ಟ್ಸ್ ಕೌಂಟರಿಗೆ ನಾನು ಸೇರಿದ್ದು ಏಳು ಸಾವಿರಕ್ಕೆ. ಪಾರ್ಟ್ ನಂಬರ್ ಬಾಯಿಪಾಠ ಇದ್ದವನೇ ಆಗ ದೊಡ್ಡವ. ಗಬ್ಬೂರು ಬೈಪಾಸ್ ಕಡೆಯ ಮಿಸ್ತ್ರಿಗಳು ಸವೆದ ಬೇರಿಂಗನ್ನು ಗ್ರೀಸ್ ಸಮೇತ ಕೌಂಟರ್ ಮೇಲಿಟ್ಟು "ಇಂಥಾದ್ದ ಒಂದ್ ಕೊಡ್ರಿ" ಅಂದರೆ, ನೋಡಿದ ಕೂಡಲೇ ಬಿನ್‌ಗೆ ಕೈ ಹಾಕಬೇಕು. ಎಂಟು ವರ್ಷಕ್ಕೆ ಮ್ಯಾನೇಜರ್ ಆದೆ, ಮೂವತ್ತು ಸಾವಿರ. ಅಲ್ಲಿಂದ ಮೂರು ವರ್ಷ ಪಗಾರ ಕದಲಲಿಲ್ಲ.

ಪ್ರತಿ ಏಪ್ರಿಲ್‌ನಲ್ಲಿ ಮಾರಾಟದ ಲೆಕ್ಕ ಹಿಡಿದು ಮಾಲೀಕರ ಮುಂದೆ ನಿಲ್ಲುತ್ತಿದ್ದೆ. ಒಮ್ಮೆ ಅವರು ಅಂದರು: "ಮಾಲ್ ಹೋಗೇತಿ ಖರೆ. ರೊಕ್ಕ ಎಲ್ಲಿ ಐತಿ?" ಸಿಟ್ಟು ಬಂತು, ಆದರೆ ಮಾತು ಸುಳ್ಳಲ್ಲ. ತಿಂಗಳ ಕೊನೆಯ ವಾರ ಟಾರ್ಗೆಟ್ ಮುಟ್ಟಿಸಲು ಅಂಗಡಿಯವರಿಗೆ ಉದ್ರಿ ಮೇಲೆ ಮಾಲು ತಳ್ಳುತ್ತಿದ್ದೆ. ಬಿಲ್ ಆದರೆ ನನಗೆ ಇನ್ಸೆಂಟಿವ್, ವಸೂಲಿ ಮಾಲೀಕರ ತಲೆನೋವು.

ಆ ರಾತ್ರಿ ವರ್ಷದಿಂದ ಒಂದೂ ಮಾರಾಟವಾಗದ ಐಟಂಗಳ ಪಟ್ಟಿ ತೆಗೆದೆ. 90 ಲಕ್ಷದ ಸ್ಟಾಕಿನಲ್ಲಿ 14 ಲಕ್ಷ ಸತ್ತು ಮಲಗಿತ್ತು. ಬ್ಯಾಂಕಿನ ಓಡಿ ಸಾಲಕ್ಕೆ (ಓವರ್‌ಡ್ರಾಫ್ಟ್) ಶೇ. 12 ಬಡ್ಡಿ ಹಿಡಿದರೂ ವರ್ಷಕ್ಕೆ 1,68,000 ರೂಪಾಯಿ ಬರೀ ಧೂಳು ತಿನ್ನಲಿಕ್ಕೆ! ಹೆಚ್ಚಿನದು ಕಂಪನಿಯ ತ್ರೈಮಾಸಿಕ ಸ್ಕೀಮಿನ ಆಸೆಗೆ ತರಿಸಿದ್ದು. ಬೆಳಗಾವಿ, ವಿಜಯಪುರ, ದಾವಣಗೆರೆಯ ಡೀಲರ್‌ಗಳಿಗೆಲ್ಲ ಪಟ್ಟಿ ಕಳಿಸಿ, ಕೆಲವನ್ನು ಕೊಂಡ ಬೆಲೆಗಿಂತ ಕಡಿಮೆಗೆ ಕೊಟ್ಟು, ಎಂಟು ತಿಂಗಳಲ್ಲಿ ಅದನ್ನು 5 ಲಕ್ಷಕ್ಕೆ ಇಳಿಸಿದೆ. 45 ದಿನ ದಾಟಿದ ಉದ್ರಿಗೆ ಹೊಸ ಮಾಲು ಬಂದ್. ಇಬ್ಬರು ಅಂಗಡಿಯವರು ಬಿಟ್ಟು ಹೋದರು. ಅದರಲ್ಲೊಬ್ಬರು ವರ್ಷವರ್ಷ ನನ್ನ ಮನೆಗೆ ಧಾರವಾಡದ ಆಪೂಸ್ ಕಳಿಸುತ್ತಿದ್ದವರು, ಹೆಂಡತಿಗೆ ಇವತ್ತಿಗೂ ಆ ಬೇಸರವಿದೆ.

ಇನ್ನೊಂದು ಸೋರಿಕೆ ವಿಓಆರ್ ಆರ್ಡರ್. ಲಾರಿ ಕೆಟ್ಟು ನಿಂತಾಗ ತುರ್ತಾಗಿ ತರಿಸುವ ಮಾಲಿಗೆ ನಮಗೆ ಸಿಗುವ ಮಾರ್ಜಿನ್ ಕಡಿಮೆ, ಮೇಲೆ ಕೊರಿಯರ್ ಖರ್ಚು. ಕಬ್ಬಿನ ಸೀಸನ್ನಿಗೆ ಯಾವ ಪಾರ್ಟ್ ಎಷ್ಟು ಹೋಗುತ್ತದೆ ಎಂದು ಹಳೆಯ ಬಿಲ್ ನೋಡಿ ಮೊದಲೇ ಸ್ಟಾಕ್ ಆರ್ಡರ್ ಹಾಕಲು ಶುರು ಮಾಡಿದೆ. ಮರು ಏಪ್ರಿಲ್‌ನಲ್ಲಿ ಮಾರಾಟದ ಲೆಕ್ಕ ಒಯ್ಯಲಿಲ್ಲ. ಉಳಿಸಿದ ಬಡ್ಡಿ, ವಸೂಲಾದ ಬಾಕಿ, ಎರಡೇ ಹಾಳೆ. ಪಗಾರ 44,000 ಆಯಿತು. ಇನ್ಸೆಂಟಿವ್ ವಸೂಲಿಗೆ ಕಟ್ಟಿರಿ ಎಂದು ನಾನೇ ಕೇಳಿಕೊಂಡೆ. ಈಗ ಫಿಕ್ಸೆಡ್ 56,000, ಒಳ್ಳೆಯ ತಿಂಗಳಿಗೆ ಮೇಲೆ ಹತ್ತು-ಹನ್ನೆರಡು ಸಾವಿರ. ಬೆಂಗಳೂರಿನಿಂದ 75,000ದ ಆಫರ್ ಬಂದಿತ್ತು. ಬಾಡಿಗೆ, ಶಾಲೆ ಫೀ ಕಳೆದು ನೋಡಿದೆ, ಹೋಗಲಿಲ್ಲ. ಆಫರ್ ನೋಡುವ ಹುಡುಗರು ಸಿಟಿಸಿ, ಅಂದರೆ ಕಂಪನಿಗೆ ಬೀಳುವ ಒಟ್ಟು ಖರ್ಚಿನ ಅಂಕಿ ನೋಡಿ ಕುಣಿಯುತ್ತಾರೆ. ಮಾಲೀಕರ ಪಾಲಿನ ಪಿಎಫ್, ಗ್ರಾಚ್ಯುಟಿ, ಸಿಕ್ಕರೆ ಸಿಗುವ ಇನ್ಸೆಂಟಿವ್ ಎಲ್ಲ ಅದರೊಳಗೇ ಕೂತಿರುತ್ತವೆ.

ಈ ಕೆಲಸಕ್ಕೆ ಮುಂದೆ ಕಾಲವಿದೆಯೇ? ಲಾರಿಯ ಮಟ್ಟಿಗೆ ನನಗೆ ಭಯವಿಲ್ಲ. 2020ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ನಿಯಮ ಬಿಎಸ್-6 ಬಂದ ಮೇಲೆ ಸೆನ್ಸರ್, ಹೊಗೆ ಶುದ್ಧಿಯ ಡಿಇಎಫ್ ದ್ರವದ ಪಂಪ್, ಅದನ್ನು ಸಿಂಪಡಿಸುವ ಡೋಸರ್ ಎಂದು ದುಬಾರಿ ಪಾರ್ಟ್‌ಗಳು ಹೆಚ್ಚಿದವು. ಎಲೆಕ್ಟ್ರಿಕಲ್ ಪಾರ್ಟನ್ನು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲವಾದ್ದರಿಂದ, ಮಿಸ್ತ್ರಿ ಬರೀ ಅಂದಾಜಿನ ಮೇಲೆ ಹೊಗೆಯ ವಿಷಾನಿಲ ಅಳೆಯುವ ನಾಕ್ಸ್ ಸೆನ್ಸರ್ ಕೇಳಿದರೆ, ಗಾಡಿಯ ಕಂಪ್ಯೂಟರ್ ತೋರಿಸುವ ಫಾಲ್ಟ್ ಕೋಡ್ ಓದಿಸಿಕೊಂಡು ಬಾ ಅನ್ನುವ ಧೈರ್ಯ ಇರುವವನಿಗೆ ಈಗ ಬೆಲೆ. ತೆರಿಗೆಯ ಪೆಟ್ಟೂ ಇದೆ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ ಶೇ. 18 ಆಯಿತು, ಅದಕ್ಕೆ ಮೊದಲು ನಮ್ಮ ಬಹುಪಾಲು ಮಾಲಿಗೆ 28 ಇತ್ತು. ಸುದ್ದಿ ಹೊರಬಿದ್ದ ದಿನದಿಂದ 22ರವರೆಗೆ ಕೌಂಟರ್ ಖಾಲಿ, ರಸ್ತೆಯಲ್ಲಿ ನಿಂತ ಗಾಡಿಯವರಷ್ಟೇ ಬಂದರು.

ಆಟೊ, ಸ್ಕೂಟರ್ ಕೌಂಟರಿನ ಗೆಳೆಯರ ಕಥೆ ಬೇರೆ. ಎಲೆಕ್ಟ್ರಿಕ್ ಗಾಡಿಗೆ ಎಂಜಿನ್ ಆಯಿಲ್ ಇಲ್ಲ, ಆಯಿಲ್ ಫಿಲ್ಟರ್ ಇಲ್ಲ, ಕ್ಲಚ್ ಪ್ಲೇಟ್ ಇಲ್ಲ. ದಿನದ ಅನ್ನ ಕೊಡುತ್ತಿದ್ದ ಐಟಂಗಳೇ ಅವು. ಬ್ರೇಕ್, ಸಸ್ಪೆನ್ಷನ್, ಅಪಘಾತದ ಬಾಡಿ ಪಾರ್ಟ್ ಉಳಿಯುತ್ತವೆ, ಅಷ್ಟಕ್ಕೆ ಇಬ್ಬರು ಮ್ಯಾನೇಜರ್ ಯಾಕೆ ಬೇಕು?

ಹುಡುಗನಿಗೆ ಅಂಕಿ ಹೇಳಲಿಲ್ಲ. ವರ್ಷದಿಂದ ಹೋಗದ ಮಾಲಿನ ಪಟ್ಟಿ ಕೈಗೆ ಕೊಟ್ಟು, ಯಾಕೆ ಹೋಗಿಲ್ಲ ಎಂದು ಒಂದೊಂದಕ್ಕೂ ಬರೆದು ತಾ ಅಂದೆ. ಸಂಜೆ ತಲೆ ಕೆರೆಯುತ್ತ ಬಂದ: "ಸರ, ಇದರಾಗ ಅರ್ಧಾ ನೀವ ತರಿಸಿದ್ದಂತರಿ. ಹಂಗ ಬರೀಲ್ಯಾ?"