ಮೊದಲು ಪರ್ಮಿಟ್ ಓದಿ, ಆಮೇಲೆ ಬಾಡಿಗೆ ಒಪ್ಪಿಕೊಳ್ಳಿ: ಕಲಬುರಗಿಯಲ್ಲಿ ಕ್ರೂಸರ್ ನಡೆಸಿದ ನನ್ನ ಅನುಭವ

ಕಲಬುರಗಿಯಲ್ಲಿ ನನ್ನದು ಕ್ರೂಸರ್ ಬಾಡಿಗೆ ವ್ಯವಹಾರ. ಹುಣ್ಣಿಮೆ, ಅಮಾವಾಸ್ಯೆ ಬಂದರೆ ಗಾಣಗಾಪುರಕ್ಕೆ ದತ್ತನ ಭಕ್ತರು. ಅಲ್ಲಿಂದ ಮುಂದೆ ಅಕ್ಕಲಕೋಟ, ತುಳಜಾಪುರ, ಪಂಢರಪುರ. ಉಳಿದ ದಿನ ಮದುವೆ, ಕಾರ್ಯ, ಆಸ್ಪತ್ರೆ.

ಹೊಸದಾಗಿ ಗಾಡಿ ತಗೊಳ್ಳುವ ಹುಡುಗರು ನನ್ನ ಹತ್ತಿರ ಬರುತ್ತಾರೆ. "ಅಣ್ಣಾ, ಮೈಲೇಜ್ ಎಷ್ಟ್ ಕೊಡ್ತದ್ರೀ? ಕಂತು ಎಷ್ಟ್ ಬರ್ತದ್ರೀ?" ಅಂತ ಕೇಳುತ್ತಾರೆ. ಪರ್ಮಿಟ್‌ನಲ್ಲಿ ಏನು ಬರೆದಿದೆ ಅಂತ ಕೇಳುವವರು ಬಹಳ ಕಡಿಮೆ. ನಾನು ಮಾತ್ರ ಅಲ್ಲಿಂದಲೇ ಶುರು ಮಾಡುತ್ತೇನೆ. ಅಪಘಾತ ಆದ ದಿನ ಗಾಯಗೊಂಡವರ ಹಣ ಯಾರು ಕಟ್ಟಬೇಕು ಅನ್ನೋದು ಆ ಕಾಗದದ ಮೇಲೆ ನಿಂತಿರುತ್ತದೆ.

ಡ್ರೈವರ್ ಬಿಟ್ಟು 6 ಜನರವರೆಗಿನ ಗಾಡಿ ಮೋಟಾರ್ ಕ್ಯಾಬ್. ಅದಕ್ಕಿಂತ ಜಾಸ್ತಿ, 12ರವರೆಗೆ ಮ್ಯಾಕ್ಸಿಕ್ಯಾಬ್. ನನ್ನ 12+1 ಕ್ರೂಸರ್ ಮ್ಯಾಕ್ಸಿಕ್ಯಾಬ್, ಅದಕ್ಕಿರುವುದು ಕಾಂಟ್ರಾಕ್ಟ್ ಕ್ಯಾರೇಜ್ ಪರ್ಮಿಟ್. ಅಂದರೆ ಮೊದಲೇ ಮಾತಾಡಿಕೊಂಡ ಜನರನ್ನು ಕರೆದುಕೊಂಡು ಹೋಗಬೇಕು, ದಾರಿಯಲ್ಲಿ ಕೈ ಮಾಡಿದವರನ್ನು ಹತ್ತಿಸುವಂತಿಲ್ಲ. ಸ್ಟಾಪ್ ಸ್ಟಾಪ್‌ಗೆ ಹತ್ತಿಸಿ ಇಳಿಸುವುದು ಸ್ಟೇಜ್ ಕ್ಯಾರೇಜ್‌ನ ಕೆಲಸ. ನಮ್ಮ ಕಡೆ ಅದನ್ನು ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳು ಮಾಡುತ್ತವೆ.

ಇಲ್ಲಿ ಒಂದು ಗೊಂದಲ ಇದೆ. ಮ್ಯಾಕ್ಸಿಕ್ಯಾಬ್‌ನಲ್ಲಿ ತಲೆಗೆ ಇಷ್ಟು ಅಂತ ಬೇರೆ ಬೇರೆ ಹಣ ತಗೊಂಡರೂ ಮೋಟಾರು ವಾಹನ ಕಾಯ್ದೆ ಅದನ್ನು ಕಾಂಟ್ರಾಕ್ಟ್ ಕ್ಯಾರೇಜ್ ಅಂತಲೇ ಎಣಿಸುತ್ತದೆ. ಇದನ್ನು ಹಿಡಿದುಕೊಂಡು ಕೆಲವರು "ಹಂಗಾದ್ರ ಎಲ್ಲಿ ಬೇಕಾದಲ್ಲಿ ಹತ್ತಿಸ್ಬಹುದಲ್ರೀ" ಅಂತಾರೆ. ಹಾಗಲ್ಲ. ಹಣ ಹೇಗೆ ತಗೊಂಡ್ರಿ ಅನ್ನೋದು ಬೇರೆ, ಬಸ್ಸಿನ ಹಾಗೆ ಓಡಿಸಿದ್ರಾ ಅನ್ನೋದು ಬೇರೆ. ಪರ್ಮಿಟ್‌ನ ಷರತ್ತು ಮುರಿದರೆ ಅದೇ ಕಾಯ್ದೆಯ 192ಎ ಸೆಕ್ಷನ್ ಬೀಳುತ್ತದೆ. 2019ರ ತಿದ್ದುಪಡಿಯ ನಂತರ ಅದಕ್ಕೆ 10,000 ರೂಪಾಯಿ ದಂಡ, ಜೊತೆಗೆ ಆರು ತಿಂಗಳವರೆಗೆ ಜೈಲು ಕೂಡ ಆಗಬಹುದು.

ಗಾಣಗಾಪುರಕ್ಕೆ ತಿರುಗುವ ಚೌಡಾಪುರದಲ್ಲಿ ಜನ ಕೈ ಮಾಡುತ್ತಲೇ ಇರುತ್ತಾರೆ. ವಯಸ್ಸಾದವರು, ಕೂಸು ಎತ್ತಿಕೊಂಡ ತಾಯಂದಿರು. "ಇಬ್ರೇ ಅದೀವಿ, ಕುಂದ್ರಸ್ಕೋರಿ ಯಪ್ಪಾ" ಅಂದಾಗ ಮನಸ್ಸಿಗೆ ಕಷ್ಟ ಆಗುತ್ತದೆ. ಆದರೂ ನಾನು ನಿಲ್ಲಿಸಲ್ಲ, ಡ್ರೈವರ್‌ಗೂ ನಿಲ್ಲಿಸಬೇಡ ಅಂತ ಹೇಳಿದ್ದೇನೆ. ಅವರಿಗೆ ಏನಾದರೂ ಆದರೆ ನನ್ನ ಇನ್ಶೂರೆನ್ಸ್ ಅವರನ್ನು ಕಾಯುತ್ತದೆ ಅಂತ ನಾನು ಮಾತು ಕೊಡಲಾರೆ.

ಈ ಮಾತು ಸುಮ್ನೆ ಹೇಳ್ತಿಲ್ಲ. ಒಂದು ಬಸ್ ಅಪಘಾತದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ ತೀರ್ಪು ಕೊಟ್ಟಿದೆ. 42 ಜನರ ಬಸ್ಸಿನಲ್ಲಿ ಅದರ ಎರಡರಷ್ಟಕ್ಕಿಂತ ಜಾಸ್ತಿ ಜನ ಇದ್ದರು. ಎಷ್ಟು ಜನರಿಗೆ ಇನ್ಶೂರೆನ್ಸ್ ಇದೆಯೋ ಅಷ್ಟು ಜನರ ಮಟ್ಟಿಗೆ ಮಾತ್ರ ಕಂಪನಿಯ ಹೊಣೆ ಅಂತ ಕೋರ್ಟ್ ಹೇಳಿತು. 2018ರ ಇನ್ನೊಂದು ಕೇಸು ಪರ್ಮಿಟ್ಟೇ ಇಲ್ಲದ ಲಾರಿಯದ್ದು. ಅದರಲ್ಲಿ ಕಂಪನಿ ಮೊದಲು ಪರಿಹಾರ ಕಟ್ಟಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಅಂತಾಯ್ತು. ಒಂದು ಕ್ರೂಸರ್ ಮೇಲೆ ಬದುಕುವ ಮನೆಗೆ ಅಂಥ ವಸೂಲಿ ಬಂದರೆ ಹೊಲ ಮಾರಬೇಕಾಗುತ್ತದೆ. 10,000 ರೂಪಾಯಿ ದಂಡ ಇದರ ಮುಂದೆ ಏನೂ ಅಲ್ಲ.

ಜಾಸ್ತಿ ಜನರನ್ನು ತುಂಬಿದರೆ ದಂಡ ತಲೆಗೆ 200 ರೂಪಾಯಿ. ಇಷ್ಟೇನಾ ಅಂತ ಧೈರ್ಯ ಮಾಡುವವರಿದ್ದಾರೆ. ಹೆಚ್ಚಿನ ಜನರನ್ನು ಇಳಿಸಿ, ಅವರಿಗೆ ಬೇರೆ ಗಾಡಿ ಮಾಡಿಕೊಡುವ ತನಕ ನಿಮ್ಮ ಗಾಡಿ ಕದಲುವಂತಿಲ್ಲ ಅಂತಲೂ ಅದೇ 194ಎ ಸೆಕ್ಷನ್ ಹೇಳುತ್ತದೆ. ರಾತ್ರಿ ಹೊತ್ತು ಅಫಜಲಪುರ ರಸ್ತೆಯಲ್ಲಿ ಬೇರೆ ಗಾಡಿ ಎಲ್ಲಿಂದ ತರುತ್ತೀರಿ?

ಮಹಾರಾಷ್ಟ್ರಕ್ಕೆ ಹೋಗುವ ಬಾಡಿಗೆ ಬಂದರೆ ಕೆಲಸ ಸ್ವಲ್ಪ ಜಾಸ್ತಿ. ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್ ಇದ್ದವರ ಮಾತು ಬೇರೆ. ಇಲ್ಲದವರು ಆ ಪ್ರವಾಸಕ್ಕೆ ಅಂತ ಸ್ಪೆಷಲ್ ಪರ್ಮಿಟ್ ಮಾಡಿಸಬೇಕು, ಆ ರಾಜ್ಯದ ತೆರಿಗೆ ನೋಡಿಕೊಳ್ಳಬೇಕು. ಸ್ಪೆಷಲ್ ಪರ್ಮಿಟ್‌ನಲ್ಲೂ ದಾರಿಯಲ್ಲಿ ಹೊರಗಿನವರನ್ನು ಹತ್ತಿಸುವಂತಿಲ್ಲ. ನಾನು ಪ್ರತಿ ಯಾತ್ರೆಗೂ ಮುಂಚೆ ಎಲ್ಲರ ಹೆಸರು, ವಯಸ್ಸು, ಮನೆಯವರ ಒಂದು ಫೋನ್ ನಂಬರ್ ಬರೆಸಿಕೊಳ್ಳುತ್ತೇನೆ. ಒಂದು ಪ್ರತಿ ಗಾಡಿಯಲ್ಲಿ, ಒಂದು ನನ್ನ ಮನೆಯಲ್ಲಿ. ಯಾತ್ರೆಯ ಹಿರಿಯರಿಗೆ ಇದು ಹಿಡಿಸುತ್ತದೆ. ಎಷ್ಟೋ ಸಲ ಅವರೇ ಪಟ್ಟಿ ತಯಾರು ಮಾಡಿ ತರುತ್ತಾರೆ.

ಇನ್ನು ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅಂತ ಕೊಡುವ ಫಿಟ್‌ನೆಸ್ ಸರ್ಟಿಫಿಕೇಟ್. ಹೊಸ ಗಾಡಿಗೆ ಎರಡು ವರ್ಷ, ಗಾಡಿಗೆ ಎಂಟು ವರ್ಷ ಆಗುವ ತನಕ ಎರಡೆರಡು ವರ್ಷಕ್ಕೆ, ಆಮೇಲೆ ಪ್ರತಿ ವರ್ಷ. ಅವಧಿ ಮೀರಿದರೆ ದಿನಕ್ಕೆ 50 ರೂಪಾಯಿ ಹೆಚ್ಚುವರಿ ಶುಲ್ಕ ಅಂತ ನಿಯಮ. ಎಫ್‌ಸಿ ಇಲ್ಲದ ಗಾಡಿಯ ರಿಜಿಸ್ಟ್ರೇಷನ್ ಕೂಡ ಸರಿಯಾಗಿ ಇದೆ ಅಂತ ಕಾಯ್ದೆ ಒಪ್ಪುವುದಿಲ್ಲ. ಇನ್ನು ಪರ್ಮಿಟ್‌ಗೆ ಐದು ವರ್ಷ. ಅದು ಮುಗಿಯಲು ಕನಿಷ್ಠ 15 ದಿನ ಇರುವಾಗಲೇ ನವೀಕರಣಕ್ಕೆ ಅರ್ಜಿ ಹಾಕಬೇಕು. ಡ್ರೈವರ್‌ನ ಟ್ರಾನ್ಸ್‌ಪೋರ್ಟ್ ಲೈಸೆನ್ಸ್‌ಗೂ ಐದು ವರ್ಷ. ಒಂದೊಂದರ ತಾರೀಕು ಒಂದೊಂದು ಕಡೆ ಇರುವುದರಿಂದ ಯುಗಾದಿಗೆ ಹೊಸ ಕ್ಯಾಲೆಂಡರ್ ಬಂದ ಕೂಡಲೇ ಎಲ್ಲವನ್ನೂ ಅದರಲ್ಲಿ ಕೆಂಪು ಪೆನ್ನಿನಿಂದ ಗುರುತು ಮಾಡುತ್ತೇನೆ. ಮುಗಿಯುವ ತಾರೀಕಿಗಲ್ಲ, ಅದಕ್ಕೆ ಒಂದು ತಿಂಗಳು ಮುಂಚೆ.

ಎಫ್‌ಸಿಗೆ ಹೋಗುವ ಮುಂಚೆ ಗಾಡಿಯ ಸುತ್ತ ಒಂದು ಸುತ್ತು ಹಾಕಿ ನೋಡುತ್ತೇನೆ. ಟೈರ್, ಬ್ರೇಕ್, ವೈಪರ್, ಹಿಂದಿನ ಲೈಟ್, ಹೊಳೆಯುವ ಟೇಪ್, ಬೆಂಕಿ ಆರಿಸುವ ಸಿಲಿಂಡರ್, ಪ್ರಥಮ ಚಿಕಿತ್ಸೆಯ ಡಬ್ಬಿ. ವೇಗ ಮಿತಿ ಮೀರದಂತೆ ತಡೆಯುವ ಸ್ಪೀಡ್ ಗವರ್ನರ್ ಗಂಟೆಗೆ 80 ಕಿ.ಮೀ.ಗೆ ಕೂತಿರಬೇಕು. 2019ರ ಜನವರಿ 1ರಿಂದ ರಿಜಿಸ್ಟರ್ ಆದ ಇಂಥ ಗಾಡಿಗಳಿಗೆ ಜಿಪಿಎಸ್ ಮತ್ತು ಪ್ಯಾನಿಕ್ ಬಟನ್ ಬೇಕು. ಎಷ್ಟೋ ಗಾಡಿಗಳಲ್ಲಿ ಬಟನ್ ಇರುತ್ತದೆ, ಒಳಗಿನ ಸಿಮ್ ಸತ್ತಿರುತ್ತದೆ. ಹೆಣ್ಣುಮಕ್ಕಳು ಕೂರುವ ಗಾಡಿಯಲ್ಲಿ ಅದು ಕೆಲಸ ಮಾಡಲೇಬೇಕು. ಬ್ರೇಕ್ ಇನ್ಸ್‌ಪೆಕ್ಟರ್ ಕೇಳಲಿ ಬಿಡಲಿ, ನಾನಂತೂ ಒತ್ತಿ ನೋಡಿಸುತ್ತೇನೆ.

ಜನ ಗಮನಿಸದ ಇನ್ನೊಂದು ಷರತ್ತು 84ನೇ ಸೆಕ್ಷನ್‌ನಲ್ಲಿದೆ. ಗಾಡಿಯ ಎರಡೂ ಬದಿಗೆ, ಕಿಟಕಿಯ ಕೆಳಗೆ, ದಪ್ಪ ಅಕ್ಷರದಲ್ಲಿ ಮಾಲೀಕನ ಹೆಸರು, ವಿಳಾಸ ಇರಬೇಕು. ದೇವರ ಹೆಸರು ದೊಡ್ಡದಾಗಿ ಬರೆಸುತ್ತೇವೆ, ನಮ್ಮ ಹೆಸರು ಬಿಟ್ಟುಬಿಡುತ್ತೇವೆ. ಎರಡಕ್ಕೂ ಜಾಗ ಇದೆ ಅಲ್ವಾ? ಹೆಸರು ಇದ್ದರೆ ಪ್ರಯಾಣಿಕರಿಗೆ ದೂರು ಹೇಳಲು ಒಬ್ಬ ಮನುಷ್ಯ ಸಿಗುತ್ತಾನೆ.

ಡ್ರೈವರ್ ವಿಷಯದಲ್ಲಿ ನಾನು ಬಹಳ ಬಿಗಿ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆ ಸತತ ಕೆಲಸ ಆದರೆ ಅರ್ಧ ಗಂಟೆ ವಿಶ್ರಾಂತಿ. ಇದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹಾಕಿಕೊಟ್ಟ ಲೆಕ್ಕ. ಅದು ಐದು ಜನ ಕೆಲಸಗಾರರು ಇದ್ದ ಕಡೆಗೆ ಅಂತ ಇತ್ತು, ನನ್ನದು ಅಷ್ಟು ದೊಡ್ಡ ವ್ಯವಹಾರ ಅಲ್ಲ. ಆದರೆ ನಿದ್ದೆಗೆ ಮಾಲೀಕ ಸಣ್ಣವನೋ ದೊಡ್ಡವನೋ ಗೊತ್ತಾಗುತ್ತದೆಯೇ? ಪಂಢರಪುರದ ಬಾಡಿಗೆಗೆ ರಾತ್ರಿ ತಂಗುವುದು ಕಡ್ಡಾಯ ಅಂತ ಮೊದಲೇ ಹೇಳುತ್ತೇನೆ. ಒಪ್ಪದಿದ್ದರೆ ಆ ಬಾಡಿಗೆ ಬೇಡ. 7,500 ಕೆಜಿ ಒಳಗಿನ ಗಾಡಿಗೆ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಸಾಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾನು ಲೈಸೆನ್ಸ್ ಜೊತೆ, ಘಟ್ಟದ ರಸ್ತೆಯಲ್ಲಿ ಓಡಿಸಿದ ಅನುಭವ ಇದೆಯಾ ಅಂತಲೂ ಕೇಳುತ್ತೇನೆ.

ಅಪಘಾತ ಆದರೆ ಏನು ಮಾಡಬೇಕು ಅಂತ ಗಾಡಿಯೊಳಗೆ ಬರೆದು ಅಂಟಿಸಿದ್ದೇನೆ: ಮೊದಲು ಗಾಯಾಳುವನ್ನು ಹತ್ತಿರದ ಆಸ್ಪತ್ರೆಗೆ ಸೇರಿಸು, ಪೊಲೀಸರಿಗೆ 24 ಗಂಟೆಯೊಳಗೆ ತಿಳಿಸು, ಇನ್ಶೂರೆನ್ಸ್ ಕಂಪನಿಗೆ ತಿಳಿಸು. ಇದು 134ನೇ ಸೆಕ್ಷನ್ ಪ್ರಕಾರ ಡ್ರೈವರ್‌ನ ಕರ್ತವ್ಯ. ಜನ ಸೇರಿ ಹೊಡೆಯಲು ಬಂದರೆ ಜೀವ ಉಳಿಸಿಕೊಂಡು ನೇರ ಪೊಲೀಸ್ ಠಾಣೆಗೆ ಹೋಗು ಅಂತಲೂ ಬರೆದಿದ್ದೇನೆ.

ಹಳೆ ಗಾಡಿ ಕೊಳ್ಳುವವರಿಗೆ ಒಂದು ಮಾತು. ಯಾದಗಿರಿ ಕಡೆಯಿಂದ ಬಂದವರು "ಪರ್ಮಿಟ್ ಸಮೇತ ಕೊಡ್ರಿ" ಅಂತ ಮಾತಾಡುತ್ತಾರೆ. ಗಾಡಿ ಮಾರಿದ ಮಾತ್ರಕ್ಕೆ ಪರ್ಮಿಟ್ ಅದರ ಹಿಂದೆ ಹೋಗುವುದಿಲ್ಲ. ಪರ್ಮಿಟ್ ಕೊಟ್ಟ ಪ್ರಾಧಿಕಾರ ಒಪ್ಪಿದ ಮೇಲೆಯೇ ಅದು ಕೊಂಡವರ ಹೆಸರಿಗೆ ಬರುತ್ತದೆ. ಆ ಒಪ್ಪಿಗೆ ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ, ಬಾಡಿಗೆಗೂ ಗಾಡಿ ಹೊರಡಿಸಬೇಡಿ.