ಕರಾವಳಿಯ ಮನೆಯಲ್ಲಿ ವಿದ್ಯುತ್ ಉಳಿಸುವ ಬಗೆ

ಕಾಳಿ ನದಿಯ ಜಲವಿದ್ಯುತ್ತೂ ಕೈಗಾದ ಅಣುವಿದ್ಯುತ್ತೂ ನಮ್ಮ ಜಿಲ್ಲೆಯಲ್ಲೇ ಉತ್ಪಾದನೆಯಾಗುತ್ತವೆಯಾದರೂ, ಅವು ಸೇರುವ ಜಾಲಕ್ಕೆ ರಾಯಚೂರಿನ ಕಲ್ಲಿದ್ದಲು ಸ್ಥಾವರವೂ ಸೇರಿಕೊಂಡಿರುವುದರಿಂದ, ಕಾರವಾರದಲ್ಲಿ ಉಳಿಸಿದ ಯೂನಿಟ್ಟಿಗೂ ಇಂಗಾಲದ ಲೆಕ್ಕವಿದೆ.

ಮೊದಲು ಫ್ಯಾನನ್ನು ನೋಡಿ. ಸೆಕೆಯ ಈ ಊರಿನಲ್ಲಿ ಅದು ದಿನಕ್ಕೆ 12 ಗಂಟೆಯಾದರೂ ತಿರುಗುತ್ತದೆ. 75 ವ್ಯಾಟ್‌ನ ಹಳೆಯ ಫ್ಯಾನು ತಿಂಗಳಿಗೆ 27 ಯೂನಿಟ್ ಬಳಸಿದರೆ, 30 ವ್ಯಾಟ್‌ನ ಬಿಎಲ್‌ಡಿಸಿ (ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ, ಬ್ರಷ್ ಇಲ್ಲದ ಮೋಟಾರಿನ) ಫ್ಯಾನಿಗೆ ಸುಮಾರು 11 ಯೂನಿಟ್ ಸಾಕು. ಎಲ್ಲವನ್ನೂ ಒಮ್ಮೆಲೇ ಬದಲಿಸಬೇಕಿಲ್ಲ; ಮಲಗುವ ಕೋಣೆಯದನ್ನು ಮೊದಲು ಬದಲಿಸಿ.

ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆಯನ್ನು ಸಿಕ್ಕಿಸಿ ಮುಚ್ಚಿ, ಮೆಲ್ಲಗೆ ಎಳೆಯಿರಿ. ಹಾಳೆ ಸಲೀಸಾಗಿ ಜಾರಿ ಬಂದರೆ ರಬ್ಬರ್ ಪಟ್ಟಿ ಸಡಿಲಗೊಂಡಿದೆಯೆಂದರ್ಥ. ಹಿಂಬದಿಯ ಕೊಳವೆಗಳ ಮೇಲೆ ಕಡಲ ಗಾಳಿಯ ಉಪ್ಪಿನೊಂದಿಗೆ ಅಂಟಿ ಕೂರುವ ಧೂಳನ್ನು, ಪ್ಲಗ್ ತೆಗೆದ ನಂತರ, ಒಣ ಬ್ರಷ್‌ನಿಂದ ತೆಗೆಯಿರಿ. ನಮ್ಮ ಮನೆಯಲ್ಲಿ ಮಳೆಗಾಲ ಮುಗಿದ ಮೇಲೆ ಇದು ವಾಡಿಕೆಯ ಕೆಲಸ.

2000 ವ್ಯಾಟ್‌ನ ಗೀಸರ್ ಅರ್ಧ ಗಂಟೆಯಲ್ಲಿ ಒಂದು ಯೂನಿಟ್ ನುಂಗುತ್ತದೆ. ಬಚ್ಚಲಲ್ಲಿ ಹಂಡೆಯಿದ್ದು, ತೋಟದ ಒಣ ತೆಂಗಿನ ಗರಿ, ಅಡಿಕೆ ಸಿಪ್ಪೆ ಸಿಗುವಲ್ಲಿ ಗೀಸರಿನ ಹಂಗೇಕೆ?

ವಿದ್ಯುತ್ತಿನಂತೆ ಅಡುಗೆಯ ಗ್ಯಾಸನ್ನೂ ಉಳಿಸಬಹುದು. ಕುಚ್ಚಲಕ್ಕಿಯ ಅನ್ನಕ್ಕೆ ಗ್ಯಾಸ್ ಹೆಚ್ಚು ಬೇಕು. ಅಕ್ಕಿಯನ್ನು ನೆನೆಸಿಟ್ಟು, ಚೆನ್ನಾಗಿ ಕುದಿ ಬಂದ ಮೇಲೆ ಉರಿ ಆರಿಸಿ, ಪಾತ್ರೆಗೆ ಬಿಗಿಯಾಗಿ ಮುಚ್ಚಳ ಹಾಕಿ ದಪ್ಪ ಕಂಬಳಿಯಲ್ಲಿ ಸುತ್ತಿಟ್ಟರೆ, ಉಳಿದ ಬೇಯುವಿಕೆಯ ಬಹುಪಾಲು ಒಳಗಿನ ಬಿಸಿಯಲ್ಲೇ ನಡೆಯುತ್ತದೆ. ಕೊನೆಗೆ ಒಮ್ಮೆ ಕುದಿಸಿ ಗಂಜಿ ಬಸಿಯಿರಿ.