ಟವೆಲ್ ಹಿಡಿಯಿರಿ, ನಾಯಿಯನ್ನು ಎತ್ತಬೇಡಿ

ಬೆನ್ನಿನ ಡಿಸ್ಕ್ ಜಾರಿಯೋ, ಮಂಡಿಯ ಆಪರೇಷನ್ ಆಗಿಯೋ ನಾಯಿಯ ಹಿಂಗಾಲು ಸೋತರೆ ಮನೆಮಂದಿ ಮೊದಲು ಮಾಡುವುದು ಒಂದೇ ಕೆಲಸ. ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಓಡಾಡುವುದು. ನಾನೂ ಮಾಡಿದ್ದೇನೆ. ಮೂರು ವಾರದಲ್ಲಿ ನಮ್ಮ ನಾಯಿಯ ತೊಡೆ ಸವರಿದರೆ ಕೈಗೆ ಬರೀ ಮೂಳೆ ಸಿಗುತ್ತಿತ್ತು. ಬಳಸದ ಕಾಲಿನ ಮಾಂಸಖಂಡ ಅಷ್ಟು ಬೇಗ ಕರಗುತ್ತದೆ.

ಮನೆಯಲ್ಲಿ ವ್ಯಾಯಾಮ ಮಾಡಿಸಬಹುದು. ಆದರೆ ಯಾವ ದಿನದಿಂದ ಎಂದು ಹೇಳಬೇಕಾದವರು ಪಶುವೈದ್ಯರು. ಡಿಸ್ಕ್ ತೊಂದರೆಗೆ ಮೊದಲು ಕೆಲವು ವಾರ ಕಟ್ಟುನಿಟ್ಟಿನ ವಿಶ್ರಾಂತಿ ಹೇಳಿದ್ದರೆ ಅದನ್ನು ಮುರಿಯಬೇಡಿ.

ಹಂತ 1: ನೆಲ

ನುಣುಪು ಟೈಲ್ಸ್ ಮೇಲೆ ಗಟ್ಟಿ ನಾಯಿಯೇ ಜಾರುತ್ತದೆ. ಅದು ಮಲಗುವ ಜಾಗದಿಂದ ನೀರಿನ ಬಟ್ಟಲಿನವರೆಗೆ, ಅಲ್ಲಿಂದ ಬಾಗಿಲವರೆಗೆ ಜಾರದ ಮ್ಯಾಟ್ ಹಾಸಿ. ಹಳೆಯ ಯೋಗ ಮ್ಯಾಟ್ ಸಾಕು. ಉಗುರು ಕತ್ತರಿಸಿ, ಪಾದದ ಮೆತ್ತೆಗಳ ನಡುವಿನ ಕೂದಲನ್ನೂ ಕತ್ತರಿಸಿ. ಜಾರದ ಸಾಕ್ಸ್ ಅಂತ ಮಾರುತ್ತಾರಲ್ಲ, ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಸಾಕ್ಸ್ ತಿರುಗಿ, ರಬ್ಬರ್ ಚುಕ್ಕಿಗಳು ಪಾದದ ಮೇಲ್ಭಾಗಕ್ಕೆ ಬಂದಿರುತ್ತವೆ.

ಹಂತ 2: ಮಲಗಿಸಿಕೊಂಡು ಕಾಲು ಆಡಿಸುವುದು

ಪಕ್ಕಕ್ಕೆ ಮಲಗಿಸಿ. ಒಂದು ಕೈ ಮಂಡಿಗೆ ಆಸರೆ, ಇನ್ನೊಂದು ಪಾದದ ಹತ್ತಿರ. ಸೈಕಲ್ ತುಳಿದ ಹಾಗೆ ನಿಧಾನವಾಗಿ ಹತ್ತು ಸಲ. ನಾಯಿ ತಲೆ ತಿರುಗಿಸಿ ನಿಮ್ಮ ಕೈ ನೋಡಿತು, ತುಟಿ ನೆಕ್ಕಿತು ಅಂದರೆ ನೋಯುತ್ತಿದೆ ಅಂತ. ಅಲ್ಲಿಗೆ ನಿಲ್ಲಿಸಿ.

ಹಂತ 3: ಟವೆಲ್ ನಡಿಗೆ

ಎಲ್ಲರೂ ಎಡವುವುದು ಇಲ್ಲೇ. ಸ್ನಾನದ ಟವೆಲನ್ನು ಉದ್ದಕ್ಕೆ ಮಡಚಿ ಅಗಲ ಪಟ್ಟಿ ಮಾಡಿಕೊಳ್ಳಿ. ಕಿರಿದಾದರೆ ಹೊಟ್ಟೆಗೆ ಕೊರೆಯುತ್ತದೆ. ಅದನ್ನು ಹಿಂಗಾಲುಗಳ ಮುಂದೆ, ಹೊಟ್ಟೆಯ ಕೆಳಗಿಂದ ತಂದು ಎರಡೂ ತುದಿಯನ್ನು ಬೆನ್ನಿನ ಮೇಲೆ ಒಂದೇ ಕೈಯಲ್ಲಿ ಹಿಡಿಯಿರಿ. ಗಂಡು ನಾಯಿಯಾದರೆ ಮೂತ್ರದ ಜಾಗ ಬಿಟ್ಟು ಸ್ವಲ್ಪ ಮುಂದೆ ಹಾಕಿ. ಇಲ್ಲದಿದ್ದರೆ ಟವೆಲೂ ಒದ್ದೆ, ನಾಯಿಗೂ ಹಿಂಸೆ.

ಈಗ ಮುಖ್ಯವಾದದ್ದು. ಬಹಳ ಜನ ಟವೆಲನ್ನು ನೀರಿನ ಬಕೆಟ್ ಎತ್ತಿದ ಹಾಗೆ ಎತ್ತುತ್ತಾರೆ. ಹಿಂಗಾಲು ಗಾಳಿಯಲ್ಲಿ ತೂಗಾಡುತ್ತದೆ, ಮುಂಗಾಲೆರಡೇ ಓಡುತ್ತವೆ. ನೋಡುವವರಿಗೆ ನಾಯಿ ನಡೆದಂತೆ ಕಾಣುತ್ತದೆ, ಆದರೆ ಹಿಂಗಾಲಿಗೆ ಕೆಲಸವೇ ಇಲ್ಲ. ಪಾದ ಚಪ್ಪಟೆಯಾಗಿ ನೆಲ ಮುಟ್ಟಬೇಕು, ಮಂಡಿ ಸ್ವಲ್ಪ ಭಾರ ಹೊರಬೇಕು. ಟವೆಲಿನ ಕೆಲಸ ಬೀಳದಂತೆ ತಡೆಯುವುದು ಮಾತ್ರ.

ಎಷ್ಟು ಹಿಡಿಯಬೇಕು ಅಂತ ಗೊತ್ತಾಗುವುದು ಹೇಗೆ? ನಾಯಿಯನ್ನು ನಿಲ್ಲಿಸಿ, ಕೈಯನ್ನು ಒಂದೊಂದೇ ಬೆರಳಿನಷ್ಟು ಸಡಿಲಿಸಿ. ಸೊಂಟ ಕುಸಿಯಲು ಶುರುವಾದ ಜಾಗದಿಂದ ಕೊಂಚ ಮೇಲೆ ಹಿಡಿದರೆ ಸರಿ. ಈ ಅಳತೆ ದಿನಾ ಬದಲಾಗುತ್ತದೆ. ಬೆಳಗ್ಗೆಗೂ ಸಂಜೆಗೂ ಬೇರೆ ಇರಬಹುದು. ಪಾದ ಹಿಂದಕ್ಕೆ ಮಡಚಿಕೊಂಡು ಮೇಲ್ಭಾಗ ನೆಲಕ್ಕೆ ಉಜ್ಜುತ್ತಿದ್ದರೆ ನಿಂತು, ಬಗ್ಗಿ, ಕೈಯಿಂದ ಸರಿಯಾಗಿ ಇಟ್ಟು ಮುಂದೆ ಹೋಗಿ. ಹಾಗೇ ಎಳೆದುಕೊಂಡು ಹೋದರೆ ಚರ್ಮ ಕಿತ್ತು ಗಾಯವಾಗುತ್ತದೆ.

ಇನ್ನೊಂದು, ನಿಧಾನ. ಜೋರಾಗಿ ಹೋದರೆ ನಾಯಿ ನೋವಿನ ಕಾಲನ್ನು ಮೇಲೆತ್ತಿಕೊಂಡು ಮೂರೇ ಕಾಲಲ್ಲಿ ಕುಂಟುತ್ತಾ ಓಡಿಬಿಡುತ್ತದೆ. ನಿಮಗೆ ಬೇಜಾರಾಗುವಷ್ಟು ನಿಧಾನಕ್ಕೆ ನಡೆಸಿದರೆ ನಾಲ್ಕನೆಯದನ್ನೂ ಊರಲೇಬೇಕು. ಶುರುವಿನಲ್ಲಿ ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಮೂರು ಸಲ. ಒಂದೇ ಸಲ ಹದಿನೈದು ನಿಮಿಷ ಅಲ್ಲ! ಕಣ್ಣಿಗಿಂತ ಕಿವಿ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಗಟ್ಟಿ ನೆಲದ ಮೇಲೆ ಉಗುರಿನ ಚರ್ರ್ ಚರ್ರ್ ಸದ್ದು ಬಂದರೆ ಪಾದ ಎಳೆಯುತ್ತಿದೆ, ದಣಿದಿದೆ. ಅವತ್ತಿನ ನಡಿಗೆ ಮುಗಿಯಿತು.

ಟವೆಲ್ ಬದಲು ಅಂಗಡಿಯಿಂದ ಆಸರೆ ಪಟ್ಟಿ ಕೊಳ್ಳಲೇಬೇಕು ಅಂದರೆ ಹಿಡಿ ಉದ್ದ ಇರುವುದನ್ನೇ ಕೊಳ್ಳಿ. ಗಿಡ್ಡ ಹಿಡಿಯದು ನಿಮ್ಮ ಸೊಂಟ ಮುರಿಯುತ್ತದೆ, ಆಮೇಲೆ ನಿಮಗೊಂದು ಟವೆಲ್ ಹುಡುಕಬೇಕು.

ಮಾತ್ರೆಯ ವಿಷಯಕ್ಕೆ ಬರೋಣ. ನಾಯಿಗೆ ನೋವು ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಕೊಡುವವರಿದ್ದಾರೆ. ಕೊಡಬೇಡಿ, ಅವು ನಾಯಿಗೆ ವಿಷವಾಗಬಹುದು. ನೋವಿನ ಮುಲಾಮೂ ಬೇಡ, ಹಚ್ಚಿದ್ದನ್ನು ಅದು ನೆಕ್ಕದೆ ಬಿಡುತ್ತದಾ?

ಹಂತ 4: ಕೂರು, ಏಳು

ಟವೆಲ್ ಇಲ್ಲದೆ ನಿಲ್ಲುವಂತಾದ ಮೇಲೆ ಇದು. ತಿಂಡಿ ತೋರಿಸಿ ಕೂರಿಸಿ, ಎಬ್ಬಿಸಿ. ಐದು ಸಲ ಸಾಕು. ಒಂದು ಕಾಲನ್ನು ಪಕ್ಕಕ್ಕೆ ಚಾಚಿ ಸೋಮಾರಿಯಂತೆ ಕೂತರೆ ಲೆಕ್ಕಕ್ಕಿಲ್ಲ. ಆ ಕಾಲಿನ ಕಡೆ ಗೋಡೆ ಬರುವಂತೆ ಒತ್ತಾಗಿ ನಿಲ್ಲಿಸಿದರೆ ನೆಟ್ಟಗೆ ಕೂರುತ್ತದೆ. ಇದು ಸುಲಭವಾದಾಗ ನೆಲದ ಮೇಲೆ ಕಸಬರಿಕೆಯ ಕೋಲುಗಳನ್ನು ಅಡ್ಡಡ್ಡ ಇಟ್ಟು ದಾಟಿಸಿ.

ಕಾಲಿನ ಬಲ ಇದ್ದಕ್ಕಿದ್ದಂತೆ ಇನ್ನೂ ಕಡಿಮೆಯಾದರೆ, ಮೂತ್ರ ನಿಂತರೆ, ಬೆರಳು ಗಟ್ಟಿಯಾಗಿ ಚಿವುಟಿದರೂ ತಿರುಗಿ ನೋಡದಿದ್ದರೆ ಕಾಯಬೇಡಿ. ಅದೇ ಗಂಟೆಯಲ್ಲಿ ವೈದ್ಯರ ಬಳಿ ಹೋಗಿ.

ಮೆಟ್ಟಿಲು, ಸೋಫಾ, ಮಂಚ ಎಲ್ಲಕ್ಕಿಂತ ಕೊನೆಗೆ, ಅದೂ ವೈದ್ಯರು ಹೂಂ ಅಂದ ಮೇಲೆ. ನಮ್ಮವನು ಟವೆಲ್ ಬಿಟ್ಟು ನಡೆದ ದಿನವೇ, ನಾನು ಫೋನಿನಲ್ಲಿದ್ದಾಗ ಸೋಫಾಗೆ ಹಾರಿ ಕೂತಿದ್ದ. ಅವತ್ತಿನಿಂದ ನಮ್ಮ ಸೋಫಾ ಮೇಲೆ ಎರಡು ಪ್ಲಾಸ್ಟಿಕ್ ಕುರ್ಚಿ ಮಗುಚಿ ಮಲಗಿವೆ. ನೆಂಟರು ಬಂದಾಗ ಮಾತ್ರ ಇಳಿಸುತ್ತೇವೆ.